ಸೂರಿನ ಹುಳು

ಸೂರಿನಿಂದ ದಪ್ಪನೆಯ ಗೊಣ್ಣೆಹುಳುವೊಂದು ಜಾರಿ ಹೆಗಲ ಮೇಲೆ ಬಿದ್ದದ್ದೇ ತಡ, ಯೋನ್‌ಹ್ವಾ ಊರಿಗೆಲ್ಲ ಕೇಳುವ ಹಾಗೆ ಕಿರುಚಿದಳು. ಹೊಸ ಹುಲ್ಲು ಹೊದಿಸಲು ಮಾಡಿನ ಮೇಲೆ ಕೂತು ಕೊಳೆತ ಹುಲ್ಲು ಕಿತ್ತೆಸೆಯುತ್ತಿದ್ದ ನೆರೆಯವರು ಘೊಳ್ಳೆಂದು ನಕ್ಕರು. ಪಾಪ, ನಾಮ್‌ವೊನ್ ಪೇಟೆಯ ಹೆಂಚಿನ ಮನೆಯಲ್ಲಿ ಬೆಳೆದವಳು. ಈ ಹುಲ್ಲುಮನೆಗೆ ಸೊಸೆಯಾಗಿ ಬಂದ ಮೇಲೆ ಇದೇ ಮೊದಲ ಸುಗ್ಗಿ. ಉದುರಿದ ಹುಳುಗಳನ್ನೆಲ್ಲ ಅವಳು ಮುಖ ತಿರುಗಿಸಿಕೊಂಡೇ ಗುಡಿಸಿ ಕೋಳಿಗಳ ಮುಂದೆ ಸುರಿದಳು. ಅವು ಒಂದೂ ಬಿಡದೆ ಹೆಕ್ಕಿ ನುಂಗಿದವು.

ನೆರೆಯವರಿಗೆ ಅಕ್ಕಿಯ ಹೆಂಡ ಹಂಚಿ ಬಂದ ಅತ್ತೆ, ಬುಟ್ಟಿ ಹಿಡಿದು ನಿಂತರು. "ಹುಳ ಎಲ್ಲಿಟ್ಟಿದೀಯಮ್ಮಾ?"

"ಕೋಳಿಗೆ ಹಾಕ್ದೆ ಅತ್ತೆ. ಅಂಗಳ ಎಲ್ಲಾ ಚೊಕ್ಕ ಆಯ್ತು."

"ಕೋಳಿಗಾ!" ಅತ್ತೆ ಹಣೆ ಬಡಿದುಕೊಂಡರು. "ನಿಮ್ಮಾವನ ಕಾಮಾಲೆಗೆ ಔಷಧಿ ಕಣೇ ಅದು! ಹುರಿದು ಪುಡಿ ಮಾಡಿಟ್ರೆ ಚಳಿಗಾಲ ದಾಟ್ತಿತ್ತು. ಹಳೇ ಹುಲ್ಲೆಲ್ಲಾ ಹೋಯ್ತು, ಇನ್ನೆಲ್ಲಿಂದ ತರ್ಲಿ? ಹೆಂಚಿನ ಮನೆ ಮಹಾರಾಣಿಗೆ ಹುಳ ಅಂದ್ರೆ ಹೇಸಿಗೆ!" ಗೊಣಗುತ್ತ ಕೋಳಿಗೂಡಿನತ್ತ ಓಡಿದರು.

ಈ ಮನೆಯಲ್ಲಿ ಯೋನ್‌ಹ್ವಾಳನ್ನು ಒಮ್ಮೆಯೂ ಗದರದವರೆಂದರೆ ಮಾವ ಒಬ್ಬರೇ. ಅವರ ಔಷಧಿಯನ್ನೇ ಕೋಳಿಗಳ ಪಾಲು ಮಾಡಿದೆನಲ್ಲ, ಚಳಿಯಲ್ಲಿ ಅವರಿಗೇನಾದರೂ ಆದರೆ ಯಾರಿಗೆ ಮುಖ ತೋರಿಸಲಿ? ಜಗಲಿಯ ಮೇಲೆ ಹುಲ್ಲಿನ ಹಗ್ಗ ಹೊಸೆಯುತ್ತಿದ್ದ ಮಾವನೆದುರು ನೆಲಕ್ಕೆ ಹಣೆಯಿಟ್ಟು ಅತ್ತಳು. "ತಪ್ಪಾಯ್ತು ಮಾವಾ, ನಂಗೆ ಗೊತ್ತಿರ್ಲಿಲ್ಲ."

ಮಾವ ಕೋಳಿಗೂಡಿನ ಕಡೆ ಕಳ್ಳನೋಟ ಬೀರಿ, ದನಿ ತಗ್ಗಿಸಿದರು. "ಏಳು ಮಗಾ. ಕಾಮಾಲೆ ನನ್ನ ಬಿಟ್ಟು ಯಾವ ಕಾಲವಾಯ್ತೋ. ನಿಮ್ಮತ್ತೆ ಬಿಡಬೇಕಲ್ಲ! ವರ್ಷಾ ವರ್ಷಾ ಆ ದರಿದ್ರ ಪುಡಿ ಮೂಗು ಹಿಡ್ಕೊಂಡು ನುಂಗಿದೀನಿ. ಪುಣ್ಯಾತ್ಗಿತ್ತಿ, ನನ್ನ ನಾಲಿಗೆ ಉಳಿಸ್ದೆ ನೀನು."

ಯೋನ್‌ಹ್ವಾಳಿಗೆ ಹೋದ ಜೀವ ಬಂದಂತಾಯಿತು. ಅಳುತ್ತ ಅಳುತ್ತಲೇ ನಕ್ಕುಬಿಟ್ಟಳು.

ಅಷ್ಟರಲ್ಲಿ ಅತ್ತೆ, ಕೊಬ್ಬಿದ ಕೋಳಿಯೊಂದನ್ನು ಕಾಲು ಹಿಡಿದು ತೂಗಾಡಿಸುತ್ತ ಬಂದರು. "ಔಷಧಿ ಎಲ್ಲಿ ಹೋಗತ್ತೆ? ಇದರ ಹೊಟ್ಟೇಲೇ ಇದೆ. ಬೆಳ್ಳುಳ್ಳಿ, ಜಿನ್‌ಸೆಂಗ್ ಬೇರು ಹಾಕಿ ಬೇಯಿಸ್ತೀನಿ. ಒಂದು ತೊಟ್ಟೂ ಬಿಡದೆ ಕುಡೀಬೇಕು ನೀವು!"

ಸಂಜೆ ಮಾವ ಬಟ್ಟಲು ಬರಿದು ಮಾಡಿ, ಕೊನೆಯ ಮೂಳೆಯನ್ನೂ ಚೀಪಿ, ಮುಖ ಸಣ್ಣದು ಮಾಡಿಕೊಂಡು ಪಕ್ಕೆ ಒತ್ತಿ ಹಿಡಿದರು.

"ಯಾಕೋ ಇನ್ನೂ ಪೂರ್ತಿ ವಾಸಿ ಆಗಿಲ್ಲ ಕಣೇ. ಹುಳ ತಿಂದಿದ್ದು ಅದೊಂದೇ ಕೋಳಿ ಅಲ್ಲ ತಾನೇ?"