ದಿಲ್ಲಿ ಗಾಡಿಯ ಜೊತೆಗಾರ

ಕಪಾಟಿನಲ್ಲಿ ರೈಲ್ವೆ ಪಾಸು ಇರಲಿಲ್ಲ. ಮನೆಯಲ್ಲಿ ಹೆಂಡತಿ ಅಲಕಾಳೂ ಇರಲಿಲ್ಲ. ಮನೆಯ ಮೊಬೈಲಿಗೆ ಬಂದ ಟಿಕೀಟಿನ ಮೆಸೇಜು ಮಾತ್ರ ಇತ್ತು: ಮಿರಜದಿಂದ ದಿಲ್ಲಿ, ಸೆಕೆಂಡ್ ಎಸಿ.

ಜಯಕುಮಾರರು ಅದನ್ನು ಎರಡೆರಡು ಸಲ ಓದಿದರು. ಮಾಜಿ ಸಂಸದರ ಪಾಸಿನ ನಿಯಮ ಅವರಿಗೆ ಬಾಯಿಪಾಠ. ಒಬ್ಬರೇ ಹೋದರೆ ಫಸ್ಟ್ ಎಸಿ. ಜೊತೆಗೊಬ್ಬರಿದ್ದರೆ ಇಬ್ಬರಿಗೂ ಸೆಕೆಂಡ್.

ಅಂದರೆ ಜೊತೆಗೊಬ್ಬ ಇದ್ದಾನೆ. ವಕೀಲ ಸುಭಾಷ! ತಿಂಗಳಿಂದ ದಿನಾ ಚಹಾಕ್ಕೆ ಬರುತ್ತಿದ್ದ. ಅವನ ಒಂದೊಂದು ಮಾತಿಗೂ ಇವಳು ನಗುತ್ತಿದ್ದಳು.

ಸಾಂಗ್ಲಿಯ ಬೀದಿಗೆ ಓಡಿಬಂದು ರಿಕ್ಷಾ ಹತ್ತಿದರು. "ಮಿರಜ ಸ್ಟೇಷನ್ನು. ಲಗೂ ನಡಿ."

"ಎಂಪಿ ಸಾಹೇಬ್ರ, ನೀವು ರಿಕ್ಷಾದಾಗ?" ಚಾಲಕ ಮಾಯಪ್ಪ ಹಲ್ಲು ಕಿಸಿದ. "ಅಲಕಾ ವಹಿನಿಯವರು ಈಗಷ್ಟ ಕಾರಿನ್ಯಾಗ ಹೋದ್ರಲ್ರಿ. ಜೋಡಿಗೆ ಯಾರೋ ಇದ್ರು."

"ಯಾರು?"

"ಆ ಕಡಿ ಕುಂತಿದ್ರು, ಕಾಣಲಿಲ್ಲರಿ. ವಹಿನಿಯವರು ಮಾತ್ರ ಭಾಳ ನಗಾಕತ್ತಿದ್ರು."

ಜಯಕುಮಾರರು ಸೀಟಿನ ತುದಿಗೆ ಸರಿದು ಕೂತರು. ಹತ್ತು ವರ್ಷ ದಿಲ್ಲಿಗೆ ಇಬ್ಬರೂ ಜೋಡಿಯಾಗಿಯೇ ಹೋಗಿಬಂದಿದ್ದರು. ಕವಲಾಪುರದ ರಸ್ತೆಯಿರಲಿ, ಆರಗದ ಬಸ್ಸಿರಲಿ, ಅರ್ಜಿ ಬರುತ್ತಿದ್ದದ್ದು ಜಯಕುಮಾರರ ಕೈಗೆ. ಭಾಷಣ ಬರೆಯುತ್ತಿದ್ದದ್ದು ಅವರೇ. ಅಲಕಾ ಹೇಳಿದ ಕಡೆ ಕೂರುತ್ತಿದ್ದಳು, ಹೇಳಿದ ಕಡೆ ಸಹಿ ಹಾಕುತ್ತಿದ್ದಳು. ಅಂಥವಳು ಈಗ ಬೇರೆಯವನ ಜೊತೆ?

ಗಾಡಿ ನಿಂತಿತ್ತು. ಏದುಸಿರು ಬಿಡುತ್ತ ಬೋಗಿ ಹತ್ತಿ ಪರದೆ ಸರ್ರನೆ ಸರಿಸಿದರು.

ಅಲಕಾಳ ಎದುರು ಕಾಲು ಮಡಚಿ ಕೂತು ಖಾರದ ಚುರುಮುರಿ ಭಡಂಗ ಮುಕ್ಕುತ್ತಿದ್ದದ್ದು ಮನೆಯಲ್ಲಿ ಜೋಳದ ಭಕ್ರಿ ಬಡಿಯುವ ಹೌಸಾಬಾಯಿ.

"ಅಯ್ಯ, ಸಾಹೇಬ್ರು! ಬರ್ರಿ, ಕುಂದ್ರಿ. ಬಾಯಿಸಾಹೇಬ್ರು ನನಗ ದಿಲ್ಲಿ ತೋರಿಸ್ತಾರಂತ!"

ಗಂಡಸಲ್ಲ. ಜಯಕುಮಾರರಿಗೆ ಜೀವ ಬಂದಂತಾಯಿತು. ಮರುಗಳಿಗೆಯೇ ಹೌಸಾಬಾಯಿಯ ಸೀಟಿನತ್ತ ಬೆರಳು ತೋರಿಸಿದರು. "ಅದು ನನ್ನ ಜಾಗಾ," ಎಂದರು ಹೆಂಡತಿಗೆ.

"ಹತ್ತು ವರ್ಷ ಕುಂತ್ರಲ್ಲ," ಎಂದಳು ಅಲಕಾ. "ಈ ಸರ್ತಿ ನಗಾವರು ಯಾರರೆ ಜೋಡಿಗೆ ಇರಲಿ ಅನಿಸ್ತು."

ಅಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತು. ಟಿಸಿ ಬಂದ. ಕುಡಚಿ ಕಡೆಯವನು. "ಮಾಜಿ ಎಂಪಿ ಅವರ ಪಾಸು ಯಾರದ್ರಿ?"

ಜಯಕುಮಾರರು ಕಾಲರ್ ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು ಎದ್ದು ನಿಂತರು.

ಟಿಸಿ ಪಾಸಿನ ಮೇಲಿನ ಫೋಟೋ ನೋಡಿದ. ಅಲಕಾಳಿಗೆ ಕೈ ಮುಗಿದ. "ನಮಸ್ಕಾರ ಎಂಪಿ ಮೇಡಂ. ಜೋಡಿಗೆ ಬಂದಾವರು ಈ ಬಾಯಿಯವರು, ಬರೋಬ್ಬರಿ. ಮತ್ತ ಈ ಅಜ್ಜಾರ ಟಿಕೀಟ?"