ಕಪ್ ಹಿಡಿದ ಕೈ

ಸ್ಪರ್ಧೆಗೆ ಇನ್ನು ಅರ್ಧ ಗಂಟೆ ಇರುವಾಗ ಪೆನ್‌ಡ್ರೈವ್ ತೆರೆದು ಸ್ಪ್ಯಾನರ್ ಎರಡೆರಡು ಸಲ ಹುಡುಕಿದಳು. ರೋಬೋಟಿನ ಕೈ ಆಡಿಸುವ ಪ್ರೋಗ್ರಾಮು ಅದರಲ್ಲಿರಲಿಲ್ಲ. ಸದಾ ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡೇ ಓಡಾಡಿ ಆ ಅಡ್ಡಹೆಸರು ಪಡೆದಿದ್ದ ಈ ಹುಡುಗಿ, ಚೆಂಡನ್ನು ಹಿಡಿಯುವುದು ಹೇಗೆಂದು ಆ ಕಬ್ಬಿಣದ ಕೈಗೆ ಕಲಿಸಲು ಮೂರು ತಿಂಗಳು ಒದ್ದಾಡಿದ್ದಳು.

"ಅಣ್ಣ, ಕೈ ಫೋಲ್ಡರ್ ಎಲ್ಲಿ?"

ತಂಡದ ಕ್ಯಾಪ್ಟನ್ ಟೈ ಸರಿಮಾಡಿಕೊಳ್ಳುತ್ತಿದ್ದ. "ಜಾಗ ಸಾಲ್ಲಿಲ್ಲ. ತಾರೀಖು ನೋಡಿ ಹಳೇದೊಂದು ತೆಗೆದೆ. ಒಂದು ತಿಂಗಳಿಂದ ಯಾರೂ ಮುಟ್ಟೇ ಇರ್ಲಿಲ್ಲ."

"ಸರಿಯಾಗಿ ಕೆಲಸ ಮಾಡ್ತಿತ್ತು, ಅದಕ್ಕೇ ಮುಟ್ಟಿರ್ಲಿಲ್ಲ."

ಯಾರು ಯಾವಾಗ ಏನು ತಿದ್ದಿದರೆಂದು ನೆನಪಿಟ್ಟುಕೊಂಡು, ಹಳೆಯದನ್ನು ಕೇಳಿದಾಗ ಎತ್ತಿಕೊಡುವ ವರ್ಷನ್ ಕಂಟ್ರೋಲ್ ತಂತ್ರಾಂಶ ತಮಗೊಂದು ಬೇಕೆಂದು ತಂಡ ಮೊದಲ ಸಭೆಯಲ್ಲೇ ಒಪ್ಪಿತ್ತು. ಯಾವುದು ಬೇಕೆಂಬುದು ಮಾತ್ರ ಹನ್ನೊಂದನೇ ಸಭೆಗೂ ಬಗೆಹರಿಯಲಿಲ್ಲ. ಒಂದು ಸುಲಭ, ಆದರೆ ಹಳೆಯದು. ಇನ್ನೊಂದು ಹೊಸದು, ಆದರೆ ಯಾರಿಗೂ ಬಾರದು. ಆಯ್ಕೆ ಆಗುವವರೆಗೆ ಗೊಂದಲ ಬೇಡವೆಂದು ಕ್ಯಾಪ್ಟನ್ ಕಾನೂನು ಮಾಡಿದ: ಒಂದೇ ಪ್ರತಿ, ಒಂದೇ ಪೆನ್‌ಡ್ರೈವ್. ಅದು ಲ್ಯಾಬಿನ ಬಾಗಿಲ ಮೊಳೆಗೆ ಕೆಂಪು ದಾರದಲ್ಲಿ ನೇತಾಡುತ್ತಿತ್ತು. ಕೊರಳಿಗೆ ಹಾಕಿಕೊಂಡವರೇ ತಿದ್ದಬೇಕು. ಸ್ವಂತ ಲ್ಯಾಪ್‌ಟಾಪಿನಲ್ಲಿ ನಕಲು ಇಟ್ಟುಕೊಂಡರೆ ತಂಡದಿಂದ ಹೊರಗೆ. ಆ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದ ಪುಣ್ಯಾತ್ಮೆ ಸ್ಪ್ಯಾನರ್ ಒಬ್ಬಳೇ. ರೋಬೋಟಿನೊಳಗೆ ಇದ್ದದ್ದನ್ನಾದರೂ ಉಳಿಸಿದ್ದರೇ? ಎಲ್ಲ ಹೊಸದಾಗಿ ತುಂಬೋಣವೆಂದು ಹಿಂದಿನ ದಿನವೇ ಅಳಿಸಿಟ್ಟಿದ್ದರು.

"ಏನಕ್ಕಣ್ಣ ಜಾಗ ಬೇಕಿತ್ತು?"

"ಪ್ರೆಸೆಂಟೇಷನ್‌ಗೆ. ವರ್ಷನ್ ಕಂಟ್ರೋಲ್ ಆಯ್ಕೆ ಹೇಗೆ ಅಂತ. ಐವತ್ತೆರಡು ಸ್ಲೈಡು, ವಿಡಿಯೊ ಸಮೇತ."

ಅಂಕಣದಲ್ಲಿ ರೋಬೋಟು ಚೆಂಡಿನ ತನಕ ನೆಟ್ಟಗೆ ಹೋಗಿ, ಬೆರಳು ಅಗಲಿಸಿಕೊಂಡು ಗರ ಬಡಿದಂತೆ ನಿಂತುಬಿಟ್ಟಿತು. ಜನ ನಕ್ಕರು. ಸ್ಪ್ಯಾನರ್‌ಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹಿಡಿಯಲು ಬರುವ ಕೈ ಇದು ಎಂದು ಕೂಗಿ ಹೇಳಬೇಕೆನಿಸಿತು, ತೋರಿಸಲು ಮಾತ್ರ ಅವಳ ಬಳಿ ಏನೂ ಉಳಿದಿರಲಿಲ್ಲ.

ಮಧ್ಯಾಹ್ನ ಕ್ಯಾಪ್ಟನ್ ತೀರ್ಪುಗಾರರ ಮುಂದೆ ಐವತ್ತೆರಡು ಸ್ಲೈಡನ್ನೂ ತೋರಿಸಿದ. ಮಾಡಿದ ಕೆಲಸ ಒಂದಕ್ಷರವೂ ಕಳೆದುಹೋಗದಂತೆ ಕಾಯುವುದು ಹೇಗೆಂಬ ಅವನ ವಿವರಣೆಗೆ ಅವರು ತಲೆದೂಗಿದರು. ಉತ್ತಮ ಯೋಜನೆಯ ಕಪ್ ಈ ತಂಡಕ್ಕೇ ಬಂತು.

"ಫೋಟೊದಲ್ಲಿ ರೋಬೋಟೇ ಕಪ್ ಹಿಡ್ಕೊಂಡಿರ್ಲಿ. ಬೆರಳು ಸ್ವಲ್ಪ ಮುಚ್ಚಿಸು" ಎಂದ ಕ್ಯಾಪ್ಟನ್.

"ಅದಕ್ಕೀಗ ಮುಚ್ಚೋಕೆ ಗೊತ್ತಿಲ್ಲ ಅಣ್ಣ."

"ಹಾಗಾದ್ರೆ ನೀನೇ ಹಿಂದೆ ಕೂತು ಹಿಡ್ಕೋ. ತಲೆ ಕಾಣಬಾರ್ದು, ಅಷ್ಟೇ."

ಫೋಟೊ ಚೆನ್ನಾಗಿ ಬಂತು. ಪೆನ್‌ಡ್ರೈವ್ ನೇತಾಡುತ್ತಿದ್ದ ಮೊಳೆಗೇ ಈಗ ಅದನ್ನು ನೇತುಹಾಕಿದ್ದಾರೆ. ತೀರ ಹತ್ತಿರ ಹೋಗಿ ನೋಡಿದರೆ ಮಾತ್ರ, ಕಬ್ಬಿಣದ ಬೆರಳುಗಳ ನಡುವೆ ಗ್ರೀಸ್ ಮೆತ್ತಿದ ಒಂದು ಹೆಬ್ಬೆರಳು ಕಾಣುತ್ತದೆ.