ರಿಬ್ಬನ್ ಕಟ್ಟಿದ ಕೋಲು

ಗಂಡನ ಜೊತೆ ಬಂದಿದ್ದ ಅವಳು ಮಂಡಿ ನೋವೆಂದು ಚಾರಣ ಬಿಟ್ಟು ಬೆಟ್ಟದ ಬುಡದ ನಮ್ಮ ಚಹಾದಂಗಡಿಯ ಕೋಣೆಯಲ್ಲೇ ಉಳಿದಳು.

"ಮಕ್ಕಳು ಹತ್ತೋ ಬೆಟ್ಟ ಕಣೇ, ನಿಂಗೆ ಇದೂ ಆಗಲ್ವಾ?" ಗಂಡ ನಕ್ಕ.

ಗೈಡ್ ಎಲ್ಲರಿಗೂ ಒಂದೊಂದು ಕೋಲು ಕೊಟ್ಟ. "ಇಳಿಯೋವಾಗ ಯಾರೂ ಇದನ್ನ ಕೈಬಿಡಬೇಡಿ, ಕಾಲು ಜಾರತ್ತೆ."

ಅವಳು ತನ್ನ ಜಡೆಯ ಕೆಂಪು ರಿಬ್ಬನ್ ಬಿಚ್ಚಿ ಗಂಡನ ಕೋಲಿಗೆ ಕಟ್ಟಿದಳು.

ಮಧ್ಯಾಹ್ನ ಮಂಜಿನೊಳಗಿಂದ ತಂಡ ಇಳಿದು ಬಂತು.

"ನಮ್ಮನೆಯವ್ರೆಲ್ಲಿ?"

"ಹಿಂದೆ ಬರ್ತಿದಾರೆ ಅಕ್ಕಾ. ನೀವು ಮೊದಲು ಕೂತ್ಕೊಳ್ಳಿ," ಎಂದ ಗೈಡ್.

"ನನ್ನನ್ನ ಆಡ್ಕೊಂಡ್ರಲ್ಲ, ಈಗ ನೋಡಿ!" ಅವಳು ನಕ್ಕು, ಗಂಡನ ಚಹಾ ಆರದಂತೆ ಲೋಟದ ಮೇಲೆ ತಟ್ಟೆ ಮುಚ್ಚಿದಳು.

ನಾನು ಕೋಲುಗಳನ್ನು ತೆಗೆದಿಡಲು ಹೋದೆ. ಗೈಡ್ ಕೈಯಲ್ಲಿ ಎರಡಿದ್ದವು. ಕೆಂಪು ರಿಬ್ಬನ್ನಿನದನ್ನು ಅವನು ಬೆನ್ನ ಹಿಂದೆ ಹಿಡಿದಿದ್ದ.